ಮೊದಲ ಟ್ರ್ಯಾಕ್ ಡೇ: ರಸ್ತೆ ಬೈಕ್ ಸವಾರರಿಗೆ 16 ಸೂತ್ರಗಳು

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಸುಮಾರು 300 ಕಿ.ಮೀ. ಹೋದರೆ, ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಸುತ್ತಮುತ್ತ ಕಾರ್ಖಾನೆಗಳು, ನಡುವೆ 3.717 ಕಿ.ಮೀ. ಉದ್ದದ, 12 ತಿರುವುಗಳ ಟ್ರ್ಯಾಕು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕಿಗೆ ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಹೆಸರಿದ್ದರೂ ಸವಾರರ ಬಾಯಲ್ಲಿ ಅದಿನ್ನೂ ಎಂಎಂಆರ್‌ಟಿಯೇ. ಇನ್ನೊಂದು, ಕೊಯಮತ್ತೂರಿನ ಪಕ್ಕದ ಚೆಟ್ಟಿಪಾಳ್ಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. 2003ರಲ್ಲಿ ಶುರುವಾದದ್ದು, 2 ಕಿ.ಮೀ.ಗೆ ತುಸು ಹೆಚ್ಚು ಉದ್ದ. ಬೆಂಗಳೂರಿನಲ್ಲಿ ಗೋಕಾರ್ಟ್ ಟ್ರ್ಯಾಕುಗಳಿವೆ, ಇಂಥ ಸರ್ಕ್ಯೂಟ್ ಇಲ್ಲ. ಹಾಗಾಗಿ ನಮ್ಮ ಸವಾರರು ಮೊದಲ ಸಲ ಟ್ರ್ಯಾಕ್ ಕಾಣುವುದು ಹೆಚ್ಚಾಗಿ ತಮಿಳುನಾಡಿನಲ್ಲೇ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಹಣ ಕಟ್ಟಿದವರು ತಂತಮ್ಮ ಗಾಡಿಯಲ್ಲಿ, ಗುಂಪುಗಳಾಗಿ, 15–20 ನಿಮಿಷದ ಸೆಷನ್‌ಗಳಲ್ಲಿ ಸುತ್ತು ಹಾಕುವ ದಿನ. ಸ್ಥಾನವಿಲ್ಲ, ಬಹುಮಾನವಿಲ್ಲ. ಎದುರಿಂದ ಬಸ್ಸಿಲ್ಲ, ಹಂಪಿಲ್ಲ, ಅಡ್ಡ ಬರುವ ನಾಯಿಯಿಲ್ಲ, ರಸ್ತೆಗೆ ಹರವಿದ ಹುರುಳಿ ಒಕ್ಕಣೆಯಿಲ್ಲ. ಇಷ್ಟೆಲ್ಲ ಇಲ್ಲದಿದ್ದರೂ ಮೊದಲ ಸಲ ಹೋದವರ ತಲೆಯಲ್ಲಿ ಒಂದಿಂಚು ಜಾಗ ಉಳಿದಿರುವುದಿಲ್ಲ.

1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಆರಂಭಿಸಿದ ಅಮೆರಿಕದ ಕೀತ್ ಕೋಡ್ ಈ ಪಾಡಿಗೆ ಒಳ್ಳೆಯ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಸವಾರನ ಗಮನ ಅಂದರೆ ಕಿಸೆಯಲ್ಲಿರುವ 10 ಡಾಲರ್ ಇದ್ದಂತೆ. ಒಂದು ಕಡೆ ಖರ್ಚಾದದ್ದು ಇನ್ನೊಂದು ಕಡೆಗೆ ಉಳಿಯುವುದಿಲ್ಲ. ಅವರ ಶಾಲೆ ಇರುಂಗಾಟ್ಟುಕೋಟ್ಟೈಗೂ ಬಂದು ಪಾಠ ಹೇಳಿದೆ. ಕೆಳಗಿನ ಸೂತ್ರಗಳಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಮುಗಿಸುವ ಕೆಲಸಗಳು. ಅವು ಅಲ್ಲೇ ಮುಗಿದರೆ ಗಮನವೆಲ್ಲ ತಿರುವುಗಳಿಗೇ ಉಳಿಯುತ್ತದೆ.

1. ಇರುವ ಗಾಡಿಯಲ್ಲೇ ಹೋಗಿ

ಟ್ರ್ಯಾಕಿಗೆಂದೇ ಹೊಸ ಗಾಡಿ ಕೊಳ್ಳುವುದು, ಗೆಳೆಯನ 1000 ಸಿಸಿ ಬೈಕ್ ಕಡ ತರುವುದು, ಎರಡೂ ಬೇಡ. ಆರ್15, ಆರ್‌ಸಿ 200, ಅಪಾಚೆ, ಪಲ್ಸರ್, ಕಾಂಟಿನೆಂಟಲ್ ಜಿಟಿ, ದಿನಾ ಆಫೀಸಿಗೆ ಓಡಿಸುವುದು ಯಾವುದೋ ಅದೇ ಸಾಕು. ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಒತ್ತಿದರೆ ಕಚ್ಚುತ್ತದೆ ಎಂಬುದು ಅದರ ವಿಷಯದಲ್ಲಿ ಕೈಗೇ ಗೊತ್ತಿರುತ್ತದೆ. ನಮ್ಮ ರಾಷ್ಟ್ರೀಯ ರೇಸಿಂಗ್ ಚಾಂಪಿಯನ್‌ಷಿಪ್‌ನಲ್ಲೇ 165 ಸಿಸಿ ವಿಭಾಗವಿದೆ. ಸಣ್ಣ ಗಾಡಿ ಎಂದು ನಾಚಬೇಕಾಗಿಲ್ಲ. ದೊಡ್ಡ ಗಾಡಿ ನೇರ ದಾರಿಯಲ್ಲಿ ಮುಂದೆ ಓಡಿ, ತಿರುವು ಬಂದೊಡನೆ 200 ಸಿಸಿ ಹುಡುಗರಿಗೆ ಅಡ್ಡವಾಗಿ ಕೂರುವ ದೃಶ್ಯ ಟ್ರ್ಯಾಕ್ ಡೇಗಳಲ್ಲಿ ಸಾಮಾನ್ಯ. ಗಾಡಿಯಲ್ಲಿ ಎಬಿಎಸ್ ಇದ್ದರೆ ಆಫ್ ಮಾಡಬೇಡಿ, ಯಾರು ಏನೇ ಹೇಳಲಿ.

2. ವಿಮೆ ಪಾಲಿಸಿ ತೆಗೆದು ಓದಿ

ಹೆಚ್ಚಿನವರು ಇದನ್ನು ಓದಿಯೇ ಇರುವುದಿಲ್ಲ. ನಮ್ಮ ದ್ವಿಚಕ್ರ ವಾಹನ ಪಾಲಿಸಿಗಳಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವಿರುತ್ತದೆ. ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳಿಗೆ ಬಳಸಿದರೆ ಪರಿಹಾರವಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಎಂದು ನೀವು ವಾದಿಸಬಹುದು. ಕ್ಲೇಮ್ ಪರಿಶೀಲಿಸುವವರು ಒಪ್ಪುತ್ತಾರೆಂಬ ನೆಚ್ಚಿಕೆ ಬೇಡ. ಗಾಡಿ ಬಿದ್ದರೆ ಖರ್ಚು ಸ್ವಂತದ್ದು ಎಂದೇ ಹೊರಡಿ. ಇಎಂಐ ಇನ್ನೂ ಬಾಕಿಯಿದ್ದರೆ ಎರಡು ಸಲ ಯೋಚಿಸಿ.

ನಿಮ್ಮ ಆರೋಗ್ಯ ವಿಮೆಯಲ್ಲೂ ಸಾಹಸ ಕ್ರೀಡೆಗಳ ಬಗ್ಗೆ ಏನಿದೆ ನೋಡಿಕೊಳ್ಳಿ. ಟ್ರ್ಯಾಕಿನ ಬಾಗಿಲಲ್ಲಿ ಒಂದು ಮುಚ್ಚಳಿಕೆಗೆ ಸಹಿ ಕೇಳುತ್ತಾರೆ. ಏನೇ ಆದರೂ ಹೊಣೆ ನನ್ನದೇ ಎಂಬುದು ಅದರ ತಾತ್ಪರ್ಯ. ಸಹಿ ಹಾಕುವುದಕ್ಕೆ ಮೊದಲು ಮನೆಯವರಿಗೆ ವಿಷಯ ತಿಳಿದಿರಲಿ.

3. ಬ್ರೇಕ್ ಆಯಿಲ್ ಬದಲಾಯಿಸದೆ ಹೊರಡಬೇಡಿ

ಗಾಡಿ ಸಿದ್ಧತೆಯಲ್ಲಿ ಒಂದೇ ಒಂದು ಕೆಲಸಕ್ಕೆ ದುಡ್ಡಿದೆ ಎಂದರೆ ಅದು ಇದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಆಯಿಲ್‌ಗೆ ಅದೇ ಮಿತಿ 155 ಡಿಗ್ರಿ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹಲವು ಸಲ, ಅದೂ ದೊಡ್ಡ ವೇಗದಿಂದ ಬ್ರೇಕ್ ಹಿಡಿಯುತ್ತೀರಿ. ಆಯಿಲ್ ಕುದಿದು ಗುಳ್ಳೆ ಬಂತೆಂದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿನವರೆಗೂ ಬರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಜೊತೆಗೆ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚಿರಲಿ, ಚೈನ್ ಸಡಿಲ ಸರಿಯಿರಲಿ, ಎಂಜಿನ್ ಆಯಿಲ್ ಹೊಸದಾಗಿರಲಿ, ಎಲ್ಲೂ ಜಿನುಗದಿರಲಿ. ಸ್ಟಿಯರಿಂಗ್ ಬೇರಿಂಗ್ ಲೂಸಿದ್ದರೆ ಬಿಗಿ ಮಾಡಿಸಿ. ಈ ಕೆಲಸ ಹೊರಡುವ ಹಿಂದಿನ ದಿನ ಸಂಜೆ ಬೇಡ, ವಾರ ಮೊದಲೇ ಆಗಲಿ. ಮೆಕ್ಯಾನಿಕ್ ಬಿಚ್ಚಿ ಹಾಕಿದ ನಟ್ಟು ಬೋಲ್ಟುಗಳ ಗಟ್ಟಿತನ ನಾಲ್ಕು ದಿನ ಆಫೀಸಿಗೆ ಓಡಾಡಿದರೆ ತಿಳಿಯುತ್ತದೆ. ಜೆ.ಸಿ. ರಸ್ತೆಗೆ ಹೋದಾಗಲೇ ಒಂದೊಂದು ಕ್ಲಚ್ ಲಿವರ್, ಬ್ರೇಕ್ ಲಿವರ್, ಗೇರ್ ಲಿವರ್ ಕೊಂಡಿಡಿ. ಗಾಡಿ ಮೆಲ್ಲಗೆ ಮಗ್ಗುಲಾದರೂ ಮೊದಲು ಮುರಿಯುವುದು ಅವೇ. ನೂರಿನ್ನೂರು ರೂಪಾಯಿಯ ಲಿವರ್ ಇಲ್ಲದೆ ಇಡೀ ದಿನ ಕುರ್ಚಿ ಮೇಲೆ ಕೂರುವುದು ಯಾರಿಗೆ ಬೇಕು?

4. ಕಳಚುವುದನ್ನು ಕಳಚಿ, ಟೇಪ್ ಸುತ್ತುವುದಕ್ಕೆ ಸುತ್ತಿ

ಪಿಟ್‌ಗೆ ಬಿಡುವ ಮುನ್ನ ಸ್ಕ್ರೂಟಿನಿ ಇರುತ್ತದೆ. ಹೆಡ್‌ಲೈಟ್, ಟೇಲ್‌ಲೈಟ್, ಇಂಡಿಕೇಟರ್‌ಗಳಿಗೆ ಟೇಪ್ ಹಚ್ಚಬೇಕು, ಒಡೆದರೆ ಚೂರು ಟ್ರ್ಯಾಕಿನ ಮೇಲೆ ಹರಡಬಾರದು. ಕನ್ನಡಿ, ನಂಬರ್ ಪ್ಲೇಟ್ ತೆಗೆಯಬೇಕು. ಸ್ಯಾಡಲ್ ಸ್ಟೇ, ಲೆಗ್ ಗಾರ್ಡ್, ಸೀರೆ ಗಾರ್ಡ್, ಮೇನ್ ಸ್ಟ್ಯಾಂಡ್ ಎಲ್ಲ ಮನೆಯಲ್ಲೇ ಇರಲಿ. ಲೆಗ್ ಗಾರ್ಡ್ ಕಾಲು ಕಾಯುತ್ತದೆ ಎಂಬ ನಂಬಿಕೆ ರಸ್ತೆಯದು. ಬಾಗಿದ ಗಾಡಿಯಲ್ಲಿ ಅದೇ ಮೊದಲು ನೆಲಕ್ಕೆ ತಾಗಿ ಚಕ್ರವನ್ನು ಎತ್ತಿಬಿಡುತ್ತದೆ. ಸೈಡ್ ಸ್ಟ್ಯಾಂಡಿಗೆ ತಂತಿ ಬಿಗಿಯಿರಿ. ಕೆಲವು ಆಯೋಜಕರು ರೇಡಿಯೇಟರ್ ಕೂಲಂಟ್ ತೆಗೆಸಿ ಬರೀ ನೀರು ತುಂಬಿಸಿ ಎನ್ನುತ್ತಾರೆ. ಕೂಲಂಟ್ ಚೆಲ್ಲಿದರೆ ಬೇಗ ಆರುವುದಿಲ್ಲ, ಹಿಂದೆ ಬರುವವರು ಸಾಲಾಗಿ ಜಾರುತ್ತಾರೆ.

ಸ್ಪೀಡೋಮೀಟರ್‌ಗೂ ಒಂದು ತುಂಡು ಟೇಪ್ ಅಂಟಿಸಿ. ಇದು ಯಾವ ನಿಯಮದಲ್ಲೂ ಇಲ್ಲ, ನನ್ನ ಹಟ. ಅಂಕಿ ಕಂಡರೆ ಕಣ್ಣು ಅಲ್ಲಿಗೇ ಹೋಗುತ್ತದೆ.

5. ಟೆಂಪೋ ಮಾಡಿ

300 ಕಿ.ಮೀ. ಗಾಡಿ ಓಡಿಸಿಕೊಂಡು ಹೋಗಿ, ದಿನವಿಡೀ ಟ್ರ್ಯಾಕಿನಲ್ಲಿ ಓಡಿಸಿ, ರಾತ್ರಿ ಅದೇ ಗಾಡಿಯಲ್ಲಿ ವಾಪಸು ಬರುತ್ತೇನೆ ಎನ್ನುವವರು ಇದ್ದಾರೆ. ಬಹಳ ಹುಮ್ಮಸ್ಸು, ಕಡಿಮೆ ವಿವೇಕ. ಮೂರು ನಾಲ್ಕು ಜನ ಸೇರಿ ಒಂದು ಟೆಂಪೋ ಬಾಡಿಗೆಗೆ ಹಿಡಿಯಿರಿ. ಹಿಂದಿನ ದಿನವೇ ಹೋಗಿ ಶ್ರೀಪೆರಂಬದೂರಿನ ಯಾವುದಾದರೂ ಲಾಡ್ಜಿನಲ್ಲಿ ಹತ್ತು ಗಂಟೆಗೆ ಮಲಗಿ. ಗಾಡಿ ಕೆಟ್ಟು ನಿಂತರೂ, ನಿಮ್ಮ ಮಣಿಕಟ್ಟು ಉಳುಕಿದರೂ ಊರಿಗೆ ಮರಳುವ ದಾರಿ ಇದೆ ಎಂಬ ನೆಮ್ಮದಿಯೇ ಆ ಬಾಡಿಗೆಗೆ ಸಮ.

6. ಸೂಟು ಬಾಡಿಗೆಗೆ ತನ್ನಿ, ಹೆಲ್ಮೆಟ್ ಸ್ವಂತದ್ದಿರಲಿ

ಟ್ರ್ಯಾಕಿನಲ್ಲಿ ಜೀನ್ಸ್ ನಡೆಯುವುದಿಲ್ಲ. ಲೆದರ್ ಸೂಟ್, ಒಂದೇ ತುಂಡಿನದು ಅಥವಾ ಸೊಂಟದ ಸುತ್ತ ಜಿಪ್‌ನಿಂದ ಕೂಡಿಕೊಳ್ಳುವ ಎರಡು ತುಂಡಿನದು. ಮಣಿಕಟ್ಟು ದಾಟುವ ಗ್ಲೌಸ್. ಕಾಲಗಂಟು ಮುಚ್ಚುವ ಬೂಟು. ಬೆನ್ನಿಗೆ ಬ್ಯಾಕ್ ಪ್ರೊಟೆಕ್ಟರ್. ಸೂಟಿನ ಬೆಲೆ ಕೇಳಿ ಗಾಬರಿಯಾಗಬೇಡಿ, ಬಾಡಿಗೆಗೆ ಸಿಗುತ್ತವೆ. ಆದರೆ ಮುಂಚೆಯೇ ಹಾಕಿ ನೋಡಿ. ನಿಂತಾಗ ಬಿಗಿಯೆನಿಸಿ, ಗಾಡಿ ಮೇಲೆ ಬಾಗಿ ಕೂತಾಗ ಸರಿಹೋಗುವ ಸೂಟೇ ಸರಿಯಾದದ್ದು. ನಿಂತಾಗಲೇ ಆರಾಮಾಗಿದ್ದರೆ ಬಿದ್ದಾಗ ಮೊಣಕೈ ಪ್ಯಾಡ್ ಮೊಣಕೈಯಲ್ಲಿ ಇರುವುದಿಲ್ಲ.

ಹೆಲ್ಮೆಟ್ ಮಾತ್ರ ಯಾರದ್ದೋ ಬೇಡ. ಫುಲ್ ಫೇಸ್, ಇಸಿಇ ಅಥವಾ ಸ್ನೆಲ್ ಗುರುತಿನದು, ಪಟ್ಟಿಗೆ ಡಬಲ್ ಡಿ-ರಿಂಗ್ ಇರುವುದು. ಪಟ್ಟಿ ಕಟ್ಟಿ, ಹಿಂದಿನಿಂದ ಹಿಡಿದು ಮೇಲಕ್ಕೆ ಎತ್ತಿ ನೋಡಿ. ತಲೆಯಿಂದ ಉರುಳಿ ಬಂದರೆ ಅದು ನಿಮ್ಮ ಅಳತೆಯದಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಎಂಎಂಆರ್‌ಟಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ರೇಸ್ ನಡೆದಾಗ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತೀರಿಕೊಂಡ. ಪ್ರತಿಭಾವಂತ, ಅಭ್ಯಾಸವಿದ್ದವನು. ಟ್ರ್ಯಾಕು ರಸ್ತೆಗಿಂತ ಸುರಕ್ಷಿತ ಎನ್ನುವ ಮಾತು ನಿಜ. ಅಪಾಯವೇ ಇಲ್ಲ ಎಂದು ಮಾತ್ರ ಯಾರೂ ಹೇಳಲಾರರು.

7. ಟೈರ್ ಗಾಳಿಯನ್ನು ನೀವೇ ಅಳೆಯಿರಿ

ಟೈರ್ ಬಿಸಿಯಾದರೆ ಒಳಗಿನ ಒತ್ತಡ ಏರುತ್ತದೆ. ರಸ್ತೆಯಲ್ಲಿ 29, 33 ಎಂದು ಗಾಳಿ ತುಂಬಿಸಿದ ಟೈರನ್ನು ಹಾಗೇ ಟ್ರ್ಯಾಕಿಗಿಳಿಸಿದರೆ, ಕೆಲವೇ ಸುತ್ತುಗಳಲ್ಲಿ ಅದು ಉಬ್ಬಿ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ. ತಯಾರಕರು ಹೇಳಿದ್ದಕ್ಕಿಂತ 2ರಿಂದ 4 ಪಿಎಸ್‌ಐ ಇಳಿಸಿ ಶುರುಮಾಡುವುದು ರೂಢಿ. ನಿಮ್ಮ ಟೈರಿಗೆ ಎಷ್ಟು ಸರಿ ಎಂದು ಅಲ್ಲಿರುವ ತರಬೇತುದಾರರನ್ನು ಕೇಳಿ. ಅವರು ಅದೇ ಗಾಡಿ, ಅದೇ ಟೈರು ನೂರಾರು ನೋಡಿರುತ್ತಾರೆ. ಸ್ವಂತ ಗೇಜ್ ಇಟ್ಟುಕೊಳ್ಳಿ. ಬಂಕಿನ ಗೇಜೂ ಪಂಕ್ಚರ್ ಅಂಗಡಿಯ ಗೇಜೂ ಒಂದೇ ಅಂಕಿ ತೋರಿಸಿದ್ದನ್ನು ನಾನಂತೂ ನೋಡಿಲ್ಲ.

ಟೈರ್ ಹಳೆಯದಾಗಿ ರಬ್ಬರ್ ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ. ಆದರೆ ಹೊಚ್ಚ ಹೊಸ ಟೈರಿನ ಮೈ ಜಾರುತ್ತದೆ. ಅದನ್ನು ಮೊದಲು ನೂರು ಕಿ.ಮೀ. ರಸ್ತೆಯಲ್ಲಿ ಸವೆಸಿ, ಆಮೇಲೆ ಟ್ರ್ಯಾಕಿಗೆ ಒಯ್ಯಿರಿ.

8. ಬ್ರೀಫಿಂಗ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂರಿ

ಬೆಳಗ್ಗೆ ಎಲ್ಲರನ್ನೂ ಕೂರಿಸಿ ಬಾವುಟಗಳ ಪಾಠ ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ರೀಲ್ಸ್ ಮಾಡುತ್ತಾ ಕೂತವರನ್ನು ಗುರುತಿಟ್ಟುಕೊಳ್ಳಿ, ಟ್ರ್ಯಾಕಿನಲ್ಲಿ ಅವರಿಂದ ದೂರವಿರಿ.

ಹಳದಿ ಬಾವುಟ: ಮುಂದೆ ಅಪಾಯವಿದೆ, ನಿಧಾನಿಸಿ, ಓವರ್‌ಟೇಕ್ ಬೇಡ. ಕೆಂಪು: ಸೆಷನ್ ನಿಂತಿತು, ವೇಗ ತಗ್ಗಿಸಿ ಪಿಟ್‌ಗೆ ಬನ್ನಿ. ಹಳದಿ ಮೇಲೆ ಕೆಂಪು ಪಟ್ಟೆ: ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದೆ ಅಥವಾ ಜಾರುತ್ತದೆ. ನೀಲಿ: ಹಿಂದೆ ವೇಗದವನೊಬ್ಬ ಬರುತ್ತಿದ್ದಾನೆ. ಕಪ್ಪು: ನಿಮ್ಮನ್ನೇ ಕರೆಯುತ್ತಿದ್ದಾರೆ, ಒಳಗೆ ಬನ್ನಿ. ಕಪ್ಪು ಬಿಳುಪು ಚೌಕಳಿ: ಸೆಷನ್ ಮುಗಿಯಿತು. ಕೆಂಪು ಕಂಡೊಡನೆ ಬೆಚ್ಚಿ ಬ್ರೇಕ್ ಅದುಮಬೇಡಿ, ಹಿಂದಿನವನು ಬಂದು ಗುದ್ದುತ್ತಾನೆ. ಕೈಯೆತ್ತಿ ತೋರಿಸಿ, ಮೆಲ್ಲಗೆ ಥ್ರಾಟಲ್ ಇಳಿಸಿ.

ಮೊದಲ ಸುತ್ತಿನಲ್ಲೇ ಬಾವುಟ ಹಿಡಿದ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ನೋಡಿಟ್ಟುಕೊಳ್ಳಿ. ಬಿಸಿಲಲ್ಲಿ ದಿನವಿಡೀ ನಿಲ್ಲುವವರು ಅವರು. ಕೊನೆಯ ಸುತ್ತಿನಲ್ಲಿ ಕೈಬೀಸಿ ವಂದಿಸುವುದು ಟ್ರ್ಯಾಕಿನ ಸಂಪ್ರದಾಯ.

9. ಕೆಳಗಿನ ಗುಂಪಿಗೆ ಹೆಸರು ಕೊಡಿ

ಹೊಸಬರು, ಮಧ್ಯಮ, ಅನುಭವಿಗಳು ಎಂದು ಗುಂಪು ಮಾಡುತ್ತಾರೆ. ಹತ್ತು ವರ್ಷದಿಂದ ಪ್ರತಿ ಭಾನುವಾರ ನಂದಿಬೆಟ್ಟಕ್ಕೆ ಹೋಗಿಬಂದಿದ್ದರೂ ನೀವು ಹೊಸಬರೇ. ಸುಲಭವೆನಿಸಿದರೆ ಮಧ್ಯಾಹ್ನ ಮೇಲಿನ ಗುಂಪಿಗೆ ಕಳಿಸುತ್ತಾರೆ. ಕೆಳಕ್ಕೆ ಇಳಿಸುವಾಗ ಆಗುವ ಮುಜುಗರ ಇದರಲ್ಲಿಲ್ಲ.

10. ಕಣ್ಣು ಮುಂದಿರಲಿ

ಮೊದಲ ದಿನ ಕಲಿಯಬೇಕಾದದ್ದು ಒಂದೇ ಆಗಿದ್ದರೆ ನಾನು ಇದನ್ನು ಆರಿಸುತ್ತೇನೆ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಮುಂದಿನ ಚಕ್ರದಿಂದ ಹತ್ತು ಮೀಟರ್ ದೂರ ನೋಡುತ್ತಿದ್ದರೆ ನೀವು ನೋಡುತ್ತಿರುವುದು ಆಗಲೇ ಆಗಿಹೋದದ್ದನ್ನು. ನಮ್ಮ ರಸ್ತೆಗಳು ಕಲಿಸಿದ ಚಾಳಿ ಇದು. ಗುಂಡಿ ಎಲ್ಲಿದೆ, ಜಲ್ಲಿ ಎಲ್ಲಿದೆ ಎಂದು ಕಣ್ಣು ಸದಾ ನೆಲದ ಮೇಲೇ. ಟ್ರ್ಯಾಕಿನಲ್ಲಿ ಗುಂಡಿಯಿಲ್ಲ ಎಂದು ಕಣ್ಣಿಗೆ ಒಪ್ಪಿಸಲು ಅರ್ಧ ದಿನ ಬೇಕು.

ಪ್ರತಿ ತಿರುವಿಗೂ ನಾಲ್ಕು ಗುರುತು ಹುಡುಕಿ: ಬ್ರೇಕ್ ಹಿಡಿಯುವ ಜಾಗ, ಗಾಡಿ ತಿರುಗಿಸುವ ಜಾಗ, ತಿರುವಿನ ಒಳ ಅಂಚಿಗೆ ತೀರ ಹತ್ತಿರ ಬರುವ ಏಪೆಕ್ಸ್, ಹೊರಗೆ ಬೀಳುವ ಜಾಗ. ಒಂದು ಗುರುತು ತಲುಪುವ ಮೊದಲೇ ಕಣ್ಣು ಮುಂದಿನದಕ್ಕೆ ಹೋಗಿರಬೇಕು. ಹೊಸಬರಿಗೆ ಏಪೆಕ್ಸ್‌ಗೆ ಕೋನ್ ಇಟ್ಟಿರುತ್ತಾರೆ. ಕೋನ್ ಇಲ್ಲದಿದ್ದರೆ ಡಾಂಬರಿನ ತೇಪೆ, ಕೆರ್ಬಿನ ಬಣ್ಣ ಬದಲಾಗುವ ಕಡೆ, ಬೋರ್ಡು, ಏನಾದರೂ ಸರಿ. ನೆರಳು ಮಾತ್ರ ಬೇಡ, ಮಧ್ಯಾಹ್ನಕ್ಕೆ ಜಾಗ ಬದಲಿಸುತ್ತದೆ.

ತಿರುವಿಗೆ ಹೊರ ಅಂಚಿನಿಂದ ಬನ್ನಿ, ತಡವಾಗಿ ತಿರುಗಿಸಿ. ರಸ್ತೆಯಲ್ಲಿ ಬೇಗ ಒಳಗೆ ನುಗ್ಗುವ ಅಭ್ಯಾಸ ನಮಗೆ. ಹಾಗೆ ನುಗ್ಗಿದವರು ತಿರುವು ಮುಗಿಯುವಷ್ಟರಲ್ಲಿ ಹೊರಕ್ಕೆ ಸರಿದು ಜಾಗ ಸಾಲದೆ ಪೇಚಾಡುತ್ತಾರೆ. 12 ತಿರುವುಗಳನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಸೆಷನ್‌ಗೆ ಎರಡು ಅಥವಾ ಮೂರು ತಿರುವು ಆರಿಸಿಕೊಳ್ಳಿ, ಉಳಿದವನ್ನು ಸುಮ್ಮನೆ ದಾಟಿ. ಪಿಟ್‌ಗೆ ಬಂದೊಡನೆ ಹೆಲ್ಮೆಟ್ ತೆಗೆದು ಒಂದು ಹಾಳೆಯಲ್ಲಿ ಆ ತಿರುವುಗಳ ಚಿತ್ರ ಬರೆಯಿರಿ. ಬರೆಯಲು ಬಾರದ ತಿರುವನ್ನು ನೀವು ಇನ್ನೂ ನೋಡಿಲ್ಲ.

11. ಬ್ರೇಕ್ ಮೊದಲೇ ಮುಗಿಸಿ, ಥ್ರಾಟಲ್ ಮುಚ್ಚಬೇಡಿ

‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ನಮ್ಮ ಘಾಟಿ ರಸ್ತೆಗಳಲ್ಲಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗಾಬರಿಯ ಪಾಲೂ ಅಷ್ಟೇ ಇದೆ.

ಎಂಎಂಆರ್‌ಟಿಯ ಮೊದಲ ತಿರುವು, ಎಲ್ಲರೂ ಸಿ1 ಎನ್ನುವುದು, ಉದ್ದನೆಯ ನೇರ ದಾರಿ ಮುಗಿದ ಕಡೆ ಬಲಕ್ಕೆ ಬಾಗುವ ವೇಗದ ತಿರುವು. ಸಣ್ಣ ಗಾಡಿಯ ಪಳಗಿದ ಸವಾರರು ವೇಗ ಬಿಡದೆಯೇ ಒಳಗೆ ಹೋಗುತ್ತಾರೆ. ಹೊಸಬನೂ ಅವರ ಹಿಂದೆ ನುಗ್ಗುತ್ತಾನೆ. ಅರ್ಧ ತಿರುವಿನಲ್ಲಿ ಭಯ ಹತ್ತುತ್ತದೆ. ಭುಜ ಸೆಟೆಯುತ್ತದೆ, ಬೆರಳು ಹ್ಯಾಂಡಲ್ಲನ್ನು ಹಿಂಡುತ್ತದೆ, ಬಲಗೈ ತಾನಾಗಿ ಥ್ರಾಟಲ್ ಮುಚ್ಚುತ್ತದೆ. ಮುಚ್ಚಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ಬಿದ್ದು, ಫೋರ್ಕ್ ಕುಸಿದು, ಆಗಲೇ ತಿರುಗುವ ಕೆಲಸ ಹೊತ್ತಿರುವ ಮುಂದಿನ ಟೈರಿಗೆ ಇನ್ನೊಂದು ಹೊರೆ ಬೀಳುತ್ತದೆ. ಕೀತ್ ಕೋಡ್ ಪ್ರಕಾರ ತಿರುವಿನಲ್ಲಿ ಭಾರ ಮುಂದೆ ನೂರಕ್ಕೆ 40, ಹಿಂದೆ 60 ಇರಬೇಕು. ಅದಕ್ಕೆ ದಾರಿ ಒಂದೇ: ತಿರುವಿನಲ್ಲಿ ಒಮ್ಮೆ ಥ್ರಾಟಲ್ ತೆರೆದ ಮೇಲೆ ತಿರುವು ಮುಗಿಯುವವರೆಗೂ ನಯವಾಗಿ, ಒಂದೇ ಸಮನೆ ತೆರೆಯುತ್ತಲೇ ಹೋಗುವುದು.

ಹಾಗೆ ಮಾಡಬೇಕಾದರೆ ಒಳಗೆ ಹೋಗುವ ವೇಗ ಕಡಿಮೆಯಿರಬೇಕು. ಲೆಕ್ಕ ನೋಡಿ: 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಾಯಲು ಗಾಡಿ ಸುಮಾರು 30 ಡಿಗ್ರಿ ಬಾಗಿದರೆ ಸಾಕು. 72 ಕಿ.ಮೀ. ವೇಗಕ್ಕೆ 39 ಡಿಗ್ರಿ ಬೇಕು. ವೇಗ ಸ್ವಲ್ಪ ಹೆಚ್ಚಿದರೂ ಬಾಗಬೇಕಾದ್ದು ಬಹಳ. ಆದ್ದರಿಂದ ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಹಿಡಿದು, ಗೇರ್ ಇಳಿಸಿ, ಬ್ರೇಕ್ ಬಿಟ್ಟು ತಿರುಗಿಸಿ. ತಿರುವಿನೊಳಕ್ಕೂ ಬ್ರೇಕ್ ಒಯ್ಯುವ ಟ್ರೇಲ್ ಬ್ರೇಕಿಂಗ್ ಆಮೇಲಿನ ಪಾಠ.

ಇದಕ್ಕೊಂದು ಅಭ್ಯಾಸವಿದೆ. ಮೊದಲ ಸೆಷನ್ನನ್ನು ಒಂದೇ ಗೇರಿನಲ್ಲಿ, ಬ್ರೇಕ್ ಮುಟ್ಟದೆ ಓಡಿಸಿ. ತುರ್ತಿಗೆ ಬ್ರೇಕ್ ಇದ್ದೇ ಇದೆ. ಮುಂದಿನ ತಿರುವಿಗೆ ಎಷ್ಟು ವೇಗ ಬೇಕು ಎಂದು ಬಹಳ ಮೊದಲೇ ಅಂದಾಜು ಮಾಡಲೇಬೇಕಾಗುತ್ತದೆ. ಗೇರ್ ಬದಲಿಸುವ ಗಡಿಬಿಡಿ ಇಲ್ಲದ್ದರಿಂದ ಗುರುತುಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ಸೂಪರ್‌ಬೈಕ್ ಸ್ಕೂಲಿನಲ್ಲೂ ಆರಂಭಕ್ಕೆ ಕೊಡುವುದು ಇಂಥದ್ದೇ ಕಸರತ್ತು.

12. ಮೊಣಕಾಲು ನೆಲಕ್ಕೆ ತಾಗಿಸುವ ಚಪಲ ಬಿಡಿ

ಫೋಟೊಗ್ರಾಫರ್ ಕೂತಿರುವ ತಿರುವಿನಲ್ಲೇ ಹೆಚ್ಚು ಜನ ಬೀಳುವುದು ಕಾಕತಾಳೀಯವಲ್ಲ. ಹೊರಗಡೆಯ ತೊಡೆಯಿಂದ ಟ್ಯಾಂಕ್ ಅವುಚಿ, ಪಾದದ ಮುಂಭಾಗ ಫುಟ್‌ಪೆಗ್ ಮೇಲಿಟ್ಟು, ಹ್ಯಾಂಡಲ್ ಹಗುರವಾಗಿ ಹಿಡಿಯಿರಿ. ಮೊಣಕೈಗಳನ್ನು ಕೋಳಿ ರೆಕ್ಕೆಯಾಡಿಸಿದಂತೆ ಆಡಿಸಿ ನೋಡಿ. ಆಡಿದರೆ ಹಿಡಿತ ಸರಿಯಿದೆ. ಮೊಣಕಾಲು ಎಂದಾದರೂ ತಾನೇ ತಾಗುತ್ತದೆ.

13. ಕನ್ನಡಿಯಿಲ್ಲ, ಹಿಂದೆ ನೋಡಬೇಡಿ

ಓವರ್‌ಟೇಕ್ ಮಾಡುವವನದ್ದೇ ಪೂರ್ತಿ ಜವಾಬ್ದಾರಿ. ಹೊಸಬರ ಗುಂಪಿನಲ್ಲಿ ನೇರ ದಾರಿಯಲ್ಲಷ್ಟೇ ಅದಕ್ಕೆ ಅವಕಾಶ. ಹಿಂದಿನವನ ಸದ್ದು ಕೇಳಿತೆಂದು ಪಕ್ಕಕ್ಕೆ ಸರಿದು ದಾರಿ ಬಿಡುವುದು ಹೆದ್ದಾರಿಯ ಸೌಜನ್ಯ, ಇಲ್ಲಿ ಅದೇ ಡಿಕ್ಕಿಗೆ ದಾರಿ. ನೀವು ಹೋಗುತ್ತಿದ್ದ ಗೆರೆಯಲ್ಲೇ ಹೋಗಿ, ಅವನು ಸುತ್ತಿಕೊಂಡು ಹೋಗುತ್ತಾನೆ. ಪಿಟ್‌ಗೆ ಬರುವಾಗ ಕೈಯೆತ್ತಿ ಅಥವಾ ಕಾಲು ಚಾಚಿ ತೋರಿಸಿ. ಪಿಟ್ ಲೇನಿನಲ್ಲಿ ನಡಿಗೆಯ ವೇಗ ಸಾಕು.

14. ಬೀಳುವುದನ್ನೂ ಮೊದಲೇ ಯೋಚಿಸಿಡಿ

ತಿರುವು ತಪ್ಪಿ ಟ್ರ್ಯಾಕಿನ ಹೊರಗೆ ಹೋಗುವಂತಾದರೆ ಗಾಡಿ ನೆಟ್ಟಗೆ ಮಾಡಿ, ನೇರವಾಗಿ ಹೋಗಿಬಿಡಿ. ಮಣ್ಣು ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ವೇಗ ಇಳಿದ ಮೇಲೆ ನಿಂತು, ಮಾರ್ಷಲ್ ಸನ್ನೆ ಮಾಡಿದಾಗಲಷ್ಟೇ ಒಳಗೆ ಬನ್ನಿ. ಬಿದ್ದರೆ ಹ್ಯಾಂಡಲ್ ಬಿಟ್ಟುಬಿಡಿ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಬೇಡಿ. ನಿಂತಿತು ಅನಿಸಿದ ಮೇಲೂ ಒಂದೆರಡು ಎಣಿಸಿ. ಎದ್ದೊಡನೆ ಟ್ರ್ಯಾಕಿನಿಂದ ದೂರ, ಬೇಲಿಯ ಹಿಂದಕ್ಕೆ ಹೋಗಿ. ಗಾಡಿ ಎತ್ತಲು ಓಡಬೇಡಿ, ಅದು ಮಾರ್ಷಲ್‌ಗಳ ಕೆಲಸ. ತಲೆಗೆ ಪೆಟ್ಟಾಗಿದ್ದರೆ ಆ ದಿನ ಮುಗಿಯಿತು. ಡಾಕ್ಟರ್ ನೋಡದೆ ಮತ್ತೆ ಗಾಡಿ ಹತ್ತಬೇಡಿ, ಆ ಹೆಲ್ಮೆಟ್ಟನ್ನೂ ಮತ್ತೆ ಹಾಕಬೇಡಿ.

15. ನೀರು, ಮೊಸರನ್ನ, ಕೊನೆಯ ಸೆಷನ್

2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಮೋಟೊಜಿಪಿ ನಡೆದಾಗ, ಬಿಸಿಲಿನ ಝಳಕ್ಕೆ ಮುಖ್ಯ ಓಟವನ್ನು 24 ಸುತ್ತಿನಿಂದ 21ಕ್ಕೆ ಇಳಿಸಿದರು. ಎರಡನೆಯವನಾಗಿ ಬಂದ ಹೋರ್ಹೆ ಮಾರ್ಟಿನ್ ಓಟ ಮುಗಿದ ಮೇಲೆ ಮೈಯಲ್ಲಿ ನೀರು ಬತ್ತಿ ಸುಸ್ತಾಗಿ ಬಿದ್ದ. ಕಸರತ್ತೇ ವೃತ್ತಿಯಾದವನ ಪಾಡು ಇದು. ಶ್ರೀಪೆರಂಬದೂರಿನ ಬಿಸಿಲಿನಲ್ಲಿ ಲೆದರ್ ಸೂಟು ತೊಟ್ಟ ಸಾಫ್ಟ್‌ವೇರ್ ಎಂಜಿನಿಯರನ ಗತಿ ಊಹಿಸಿಕೊಳ್ಳಿ. ಬಾಯಾರುವ ಮೊದಲೇ ನೀರು ಕುಡಿಯಿರಿ, ಜೊತೆಗೆ ಓಆರ್‌ಎಸ್. ಸೆಷನ್ ಮುಗಿದೊಡನೆ ಸೂಟನ್ನು ಸೊಂಟದವರೆಗೆ ಇಳಿಸಿ ನೆರಳಲ್ಲಿ ಕೂರಿ. ಒಂದು ಮಡಚುವ ಕುರ್ಚಿ, ಒಂದು ಕೊಡೆ ಒಯ್ದರೆ ನಿಮ್ಮನ್ನು ಹೊಗಳದವರಿಲ್ಲ. ಮಧ್ಯಾಹ್ನಕ್ಕೆ ಮೊಸರನ್ನ, ಬಾಳೆಹಣ್ಣು. ಆಂಬೂರಿನ ಬಿರಿಯಾನಿ ವಾಪಸು ಬರುವ ದಾರಿಯಲ್ಲೇ ಇದೆ, ಅದಕ್ಕೆ ಅವಸರವಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರುವರಿ ತನಕದ ದಿನಾಂಕ ಸಿಕ್ಕರೆ ಅದನ್ನೇ ಹಿಡಿಯಿರಿ. ಅದಕ್ಕೆ ಮೊದಲು ಹಿಂಗಾರು ಮಳೆ, ಆಮೇಲೆ ಬೇಸಿಗೆ.

ಸಂಜೆಯ ಕೊನೆಯ ಸೆಷನ್ ಬಗ್ಗೆ ಎಚ್ಚರ. ಇಷ್ಟು ಹೊತ್ತಿಗೆ ಟ್ರ್ಯಾಕು ಪರಿಚಯವಾಗಿರುತ್ತದೆ, ಧೈರ್ಯ ಬಂದಿರುತ್ತದೆ, ಮೈ ಸೋತಿರುತ್ತದೆ. ಹಣ ಕಟ್ಟಿದ್ದೇನೆ, ಪೂರ್ತಿ ಓಡಿಸಿಯೇ ಸೈ ಎಂಬ ಹಟ ಬೇರೆ. ಒಂದು ತಿರುವಿನಲ್ಲಿ ಎರಡು ಸಲ ಗುರುತು ತಪ್ಪಿತೆಂದರೆ ಪಿಟ್‌ಗೆ ಬಂದುಬಿಡಿ. ಸುತ್ತಿನ ಸಮಯ ಅಳೆಯುವ ಆ್ಯಪ್‌ಗಳು ಮೊದಲ ದಿನ ಫೋನಿನಲ್ಲೇ ಬೇಡ.

16. ಗೇಟು ದಾಟುವ ಮೊದಲು

ಟೈರ್ ಗಾಳಿಯನ್ನು ಮತ್ತೆ ರಸ್ತೆಯ ಅಳತೆಗೆ ತುಂಬಿ. ಕನ್ನಡಿ, ನಂಬರ್ ಪ್ಲೇಟ್ ಹಾಕಿ, ಬ್ರೇಕ್‌ಲೈಟ್ ಮೇಲಿನ ಟೇಪ್ ಕಿತ್ತು, ಸೈಡ್ ಸ್ಟ್ಯಾಂಡಿನ ತಂತಿ ಬಿಚ್ಚಿ. ಗಾಡಿ ಟೆಂಪೋದಲ್ಲಿ ಹೋಗುವುದಾದರೂ ಇಷ್ಟನ್ನು ಅಲ್ಲೇ ಮಾಡಿ ಮುಗಿಸಿ. ಮರುದಿನ ನಿದ್ದೆಗಣ್ಣಿನಲ್ಲಿ ಹಾಲು ತರಲು ಹೊರಟಾಗ ಇದ್ಯಾವುದೂ ನೆನಪಾಗುವುದಿಲ್ಲ. ಟ್ರ್ಯಾಕಿನಿಂದ ಬಂದ ವಾರ ಊರೊಳಗಿನ ರಿಂಗ್ ರೋಡಿನಲ್ಲೂ ಕೈ ತುರಿಸುತ್ತದೆ. ಅಲ್ಲಿ ಮಾರ್ಷಲ್ ಇಲ್ಲ, ಆಂಬುಲೆನ್ಸ್ ಸಿದ್ಧವಿಲ್ಲ, ಎದುರಿಂದ ಬರುವ ನೀರಿನ ಟ್ಯಾಂಕರ್ ಇದೆ. ತುರಿಕೆ ತಾಳಲಾಗದಿದ್ದರೆ ಮುಂದಿನ ಟ್ರ್ಯಾಕ್ ಡೇಗೆ ಹೆಸರು ಬರೆಸಿ. ಹೊರಡುವಾಗಲೇ ಸೋಮವಾರಕ್ಕೂ ಒಂದು ರಜೆ ಹಾಕಿಟ್ಟಿರಿ. ಅಂಗೈ, ತೊಡೆ, ಕತ್ತು ಮೂರೂ ನೋಯುತ್ತವೆ.